ಹುಳಿಗಡಗಿಯೂ ನನ್ನ ಹೊಟ್ಟೆಯೂ

ತಲೆನೋವು ಬಂದವನು ನಾಲ್ಕು ಜನರೆದುರು ಹಣೆ ಹಿಡಿದುಕೊಂಡು ಕೂಡಬಹುದು. ಮೊಣಕಾಲು ನೋವಿಗಂತೂ ಸಮಾಜದಲ್ಲಿ ಒಂದು ಮರ್ಯಾದೆಯೇ ಇದೆ. ಬಸ್ಸಿನಲ್ಲಿ ಎದ್ದು ಜಾಗ ಬಿಟ್ಟುಕೊಡುತ್ತಾರೆ. ಆದರೆ ಹೊಟ್ಟೆ ಕಟ್ಟಿಕೊಂಡವನ ಪಾಡು ಯಾರಿಗೂ ಬೇಡ. ಹೇಳಿಕೊಂಡರೆ ಜನ ನಗುತ್ತಾರೆ, ಹೇಳಿಕೊಳ್ಳದಿದ್ದರೆ ಅವನ ಮುಖವೇ ಎಲ್ಲವನ್ನೂ ಹೇಳುತ್ತದೆ. ಎಂಬತ್ತು ದಾಟಿದ ಮೇಲೆ ನನಗೆ ನಾಚಿಕೆ ಕಡಿಮೆಯಾಗಿರುವುದರಿಂದ ಹೇಳಿಬಿಡುತ್ತೇನೆ. ಕಳೆದ ತಿಂಗಳು ನನ್ನ ಹೊಟ್ಟೆ ಮುಷ್ಕರ ಹೂಡಿತು. ನಾನು ಎಷ್ಟೇ ಸಂಧಾನ ನಡೆಸಿದರೂ ಅದು ಬಗ್ಗಲಿಲ್ಲ. ಕೊನೆಗೆ ಬೀದರಿನ ನೌಬಾದದ ನಮ್ಮ ಮನೆಯ ಹತ್ತಿರವೇ ಇರುವ ಡಾಕ್ಟರಮ್ಮನ ಮುಂದೆ ಹೋಗಿ ಕುಳಿತೆ.

ಆಕೆ ನನ್ನ ಮೊಮ್ಮಗಳ ವಯಸ್ಸಿನವಳು. ಹೊಟ್ಟೆಯನ್ನು ಅಲ್ಲಿ ಇಲ್ಲಿ ಒತ್ತಿ ನೋಡಿ, "ಅಜ್ಜಾರ, ಇದರಾಗ ನೀವೊಬ್ಬರೇ ಇಲ್ರಿ. ಕೋಟಿಗಟ್ಟಲೆ ಸಣ್ಣ ಸಣ್ಣ ಜೀವಗಳು ಅವ. ನೀವು ಉಂಡದ್ದನ್ನ ಅರಗಿಸೋದ್ರಾಗ ಅವುಗಳ ಕೈ ಭಾಳ ಅದ. ಅವಕ್ಕ ಉಣ್ಣಲಿಕ್ಕೆ ಕಾಳು, ಸೊಪ್ಪು, ರೊಟ್ಟಿ ಬೇಕ್ರಿ. ನೀವು ಮೂರು ಹೊತ್ತೂ ಬ್ರೆಡ್ಡು, ಬಿಸ್ಕೀಟು, ಬಿಳಿ ಅನ್ನ ತಿಂದ್ರ ಅವು ಉಪವಾಸ ಬೀಳ್ತಾವ" ಎಂದಳು. ಇಷ್ಟು ವರ್ಷ ನನ್ನ ಹೊಟ್ಟೆಗೆ ನಾನೊಬ್ಬನೇ ಮಾಲೀಕನೆಂದು ತಿಳಿದಿದ್ದ ನನಗೆ, ಒಳಗೆ ಅಷ್ಟೊಂದು ಬಾಡಿಗೆದಾರರು ಉಪವಾಸ ಕುಳಿತಿದ್ದಾರೆಂದು ಕೇಳಿ ಸಂಕಟವಾಯಿತು. ಒಳ್ಳೆಯ ಜೀವಗಳನ್ನು ತುಂಬಿದ ಗುಳಿಗೆಗಳನ್ನೂ ಬರೆದುಕೊಟ್ಟಳು. "ಇವನ್ನ ಫ್ರಿಜ್ಜಿನಾಗ ಇಡ್ರಿ. ಬಿಸಿ ತಾಗಿದ್ರ ಸಾಯ್ತಾವ" ಎಂದಳು. ಬಿಸಿ ತಾಗಿದರೆ ಸಾಯುತ್ತವೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಆ ಕ್ಲಿನಿಕ್ಕಿನ ಕುರ್ಚಿಯಿಂದ ನೇರ ಭಾಲ್ಕಿಯ ನಮ್ಮ ಹಳೆಯ ಅಡುಗೆಮನೆಯಲ್ಲಿ ಹೋಗಿ ಬಿದ್ದೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ನಾನು ಬೀದರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ವಾರವೆಲ್ಲ ಬೀದರಿನ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಸಂಜೆ ರೈಲು ಹಿಡಿದು ಭಾಲ್ಕಿಗೆ ಹೋಗುತ್ತಿದ್ದೆ. ಉರ್ದುವಿನಲ್ಲಿ ಸಾಲೆ ಕಲಿತ ನಾವೆಲ್ಲ ಕಚೇರಿಯ ಕಾಗದಗಳಲ್ಲಿ ಕನ್ನಡ ಹುಡುಕಿಕೊಂಡು ಒದ್ದಾಡುತ್ತಿರುವಾಗಲೇ ಮೈಸೂರು ಕಡೆಯಿಂದ ಹೊಸ ಸಾಹೇಬರು ಬಂದರು. ಬೂದುಬಣ್ಣದ ಕೋಟು, ಮೆತ್ತಗಿನ ಮಾತು. ನಮ್ಮ ಕಡೆ ಬೈಯುವುದಕ್ಕೂ ಪ್ರೀತಿ ಮಾಡುವುದಕ್ಕೂ ಒಂದೇ ದನಿ. ಅವರು ಬೈದರೂ ಹರಸಿದಂತೆ ಕೇಳುತ್ತಿತ್ತು. ನಾನು ಮರುಳಾದೆ. ಅವರು ಒಂದು ದಿನ, "ಏನ್ರೀ, ದಿನಾ ಆ ಒಣ ರೊಟ್ಟಿ ಹೇಗ್ರೀ ತಿಂತೀರಿ? ಬನ್ನಿ, ಅನ್ನ ಸಾರು ಊಟ ಮಾಡೋಣ" ಎಂದು ಊರ ನಡುವಿನ ಚೌಬಾರಾ ಗೋಪುರದ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋದರು. ರಾಜ್ಯ ಸೇರಿದ ಮೇಲೆ ಹೊಟ್ಟೆ ಸೇರದಿದ್ದರೆ ಹೇಗೆ ಎಂದುಕೊಂಡು, ಅಂದಿನಿಂದ ಅವ್ವ ಕಟ್ಟಿಕೊಡುತ್ತಿದ್ದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯನ್ನೆಲ್ಲ ಪಕ್ಕದ ಕೋಣೆಯವರಿಗೆ ದಾನ ಮಾಡಿ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ, ನಡುನಡುವೆ ಕಾಫಿ ಎಂದು ಶುರುಮಾಡಿದೆ. ಅನ್ನದ ತಪ್ಪಲ್ಲ ಬಿಡಿ, ಅದನ್ನೇ ಉಂಡು ಸಾಹೇಬರ ಊರಿನವರೆಲ್ಲ ಚೆನ್ನಾಗಿಯೇ ಇದ್ದರು. ಜೋಳಕ್ಕೆ ಹುಟ್ಟಿ, ಜೋಳಕ್ಕೇ ಬೆಳೆದ ನನ್ನ ಹೊಟ್ಟೆಗೆ ಮಾತ್ರ ಯಾರೂ ಮುಂಚಿತವಾಗಿ ಸುದ್ದಿ ಮುಟ್ಟಿಸಿರಲಿಲ್ಲ. ಅದು ಬಾಗಿಲು ಹಾಕಿಕೊಂಡು ಕುಳಿತಿತು.

ಭಾಲ್ಕಿಗೆ ಹೋದಾಗ ಅವ್ವ ನನ್ನ ಮುಖ ನೋಡಿ, "ಏನೋ ತಮ್ಮಾ, ತಬಿಯತ್ ಸುಮಾರಾಗ್ಯದ?" ಎಂದಳು. ಸುತ್ತಿ ಬಳಸಿ ಹೇಳಿದೆ. "ಫಿಕರ್ ಮಾಡಬ್ಯಾಡ. ಎಳ್ಳಮಾಸಿ ಬಂತು. ನಾಕು ಚರಿಗಿ ಅಂಬ್ಲಿ ಹೊಟ್ಟಿಗಿ ಬಿದ್ರ ತಾನೇ ಹಾದಿಗಿ ಬರ್ತದ" ಎಂದು ತೀರ್ಪು ಕೊಟ್ಟಳು.

ಎಳ್ಳಮಾಸಿ ಎಂದರೆ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಉಣ್ಣುವ ಎಳ್ಳ ಅಮಾವಾಸ್ಯೆ. ಹಸಿ ಕಡಲೆ, ತೊಗರಿ, ಅವರೆ, ಬದನೆ, ಮೆಂತ್ಯ, ಇನ್ನೂ ಹೆಸರು ಮರೆತ ಎಷ್ಟೋ ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹುಳಿ ಬಂದ ಜೋಳದ ಅಂಬಲಿ. ಆ ಅಂಬಲಿಯ ತಾಯಿಬೇರು ನಮ್ಮ ಅಡುಗೆಮನೆಯ ಮೂಲೆಯಲ್ಲಿದ್ದ ಹುಳಿಗಡಗಿ. ಕರ್ರಗಿನ ಮಣ್ಣಿನ ಗಡಗಿ. ಅದರಲ್ಲಿ ಸದಾ ಒಂದಿಷ್ಟು ಹುಳಿ ಉಳಿಸಿ, ಮೇಲೆ ಹೊಸ ಜೋಳದ ಹಿಟ್ಟು, ಮಜ್ಜಿಗೆ ಬೆರೆಸುತ್ತ ಹೋಗುವುದು. ಗಡಗಿಯನ್ನು ತೊಳೆಯುವ ಪದ್ಧತಿ ಇರಲಿಲ್ಲ. ಅವ್ವ ಔರಾದಿನಿಂದ ಮದುವೆಯಾಗಿ ಬರುವಾಗ ತವರಿನ ಹುಳಿಯನ್ನು ಕುಡಿಕೆಯಲ್ಲಿ ತುಂಬಿಕೊಂಡು, ಚಕ್ಕಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳಂತೆ. ಮೈಮೇಲಿನ ಬಂಗಾರವನ್ನು ಅಪ್ಪನ ಕೈಗೆ ಬಿಚ್ಚಿಕೊಟ್ಟಳು, ಗಡಗಿಯನ್ನು ಮಾತ್ರ ಯಾರ ಕೈಗೂ ಕೊಟ್ಟವಳಲ್ಲ.

ಆ ವರ್ಷವೇ ನನ್ನ ಮದುವೆಯಾಗಿತ್ತು. ನೀಲಮ್ಮ ಕಮಠಾಣದವಳು. ಅವರ ಮನೆಯಲ್ಲಿ ಹುಳಿ ಇಟ್ಟು ಕಾಯುವ ರೂಢಿಯಿರಲಿಲ್ಲ, ಬೇಕಾದಾಗ ನೆರೆಮನೆಯಿಂದ ತರುತ್ತಿದ್ದರು. ಇದನ್ನು ತಿಳಿದ ದಿನದಿಂದ ಅವ್ವ ಸೊಸೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಿದ್ದಳು. ನೀಲಮ್ಮನಿಗೆ ಅತ್ತೆಯ ಬಾಯಿಂದ ಜಾಣೆ ಎಂಬರ್ಥದ ಒಂದೇ ಒಂದು "ಶಾಣ್ಯಾಕಿ" ಎನ್ನಿಸಿಕೊಳ್ಳುವ ಆಸೆ. ಹೀಗಿರುವಾಗ ಅವ್ವ ಕಮಲನಗರಕ್ಕೆ ಯಾರದೋ ತೊಟ್ಟಿಲ ಕಾರ್ಯಕ್ಕೆಂದು ಹೋದಳು. ಆ ಶನಿವಾರ ನಾನು ಮನೆಗೆ ಬಂದರೆ ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ, ಪಾತ್ರೆಗಳು ಪಳಪಳ. ಅಂಗಳದ ಗೋಡೆಯ ಮೇಲೆ ಹುಳಿಗಡಗಿ ಬೋರಲಾಗಿ ಬಿಸಿಲು ಕಾಯಿಸಿಕೊಂಡು ಒಣಗಿ ಕುಳಿತಿತ್ತು!

"ಇದೇನು?" ಎಂದೆ.

"ಹಬ್ಬ ಬಂತಲ್ರಿ, ಅತ್ತಿಯವ್ರು ಬರೋದ್ರಾಗ ಮನಿ ಚಂದ ಮಾಡೀನಿ. ಅದು ಎಷ್ಟು ಜಿಡ್ಡಾಗಿತ್ತು ಗೊತ್ತದೇನ್ರಿ? ಬೂದಿ ಹಚ್ಚಿ ತಿಕ್ಕೀನಿ, ಮ್ಯಾಲ ಕುದಿಯೋ ನೀರು ಹಾಕೀನಿ" ಎಂದಳು ಹೆಮ್ಮೆಯಿಂದ.

"ಒಳಗ ಇದ್ದದ್ದು?"

"ನಿಂಬಿಗಿಡದ ಬುಡಕ ಚೆಲ್ಲೀನ್ರಿ."

ನನ್ನ ಮುಖ ನೋಡಿ ಆಕೆಗೆ ಏನೋ ಆಗಬಾರದ್ದು ಆಗಿದೆಯೆಂದು ಗೊತ್ತಾಯಿತು. ಗಡಗಿಯ ಚರಿತ್ರೆ ಹೇಳಿದೆ. ಆಕೆ ಅಲ್ಲೇ ಕುಸಿದು ಕುಳಿತು, ಸೆರಗು ಬಾಯಿಗಿಟ್ಟುಕೊಂಡು, "ನನಗ ತವರಿಗಿ ಕಳಸ್ತಾರೇನ್ರಿ?" ಎಂದಳು. ಹಾಗೆ ಕೇಳಿದಾಗ ಆಕೆಯ ಗಲ್ಲದ ಮೇಲೆ ಇನ್ನೂ ಸುಣ್ಣ ಮೆತ್ತಿಕೊಂಡಿತ್ತು. ಅದುವರೆಗೆ ನಾನು ಆಕೆಯ ಗಂಡನಾಗಿದ್ದೆ, ಆ ಕ್ಷಣದಿಂದ ಆಕೆಯ ಪಕ್ಷದವನಾದೆ. ಓಣಿಯಲ್ಲಿ ಹುಳಿ ಕೇಳಿದರೆ ಅವ್ವ ಊರಬಾಗಿಲ ಅಗಸಿ ದಾಟುವ ಮೊದಲೇ ಸುದ್ದಿ ಮುಟ್ಟುತ್ತಿತ್ತು. ಉಳಿದದ್ದು ಒಂದೇ ದಾರಿ. ಔರಾದಿನಲ್ಲಿದ್ದ ಅವ್ವನ ಅಕ್ಕ, ನನ್ನ ದೊಡ್ಡವ್ವ, ತವರಿನ ಅದೇ ಹುಳಿಯನ್ನು ಕಾಯ್ದುಕೊಂಡು ಬಂದಿದ್ದಳು.

ಸೋಮವಾರ ಕಚೇರಿಗೆ ಹೊಟ್ಟೆನೋವೆಂದು ಹೇಳಿ ಕಳಿಸಿ ರಜೆ ಹಾಕಿದೆ. ಹೊಟ್ಟೆನೋವು ಇದ್ದದ್ದು ಖರೆಯೇ ಆದ್ದರಿಂದ ಮನಸ್ಸಿಗೆ ಅಂಥ ಚುಚ್ಚಾಟವೇನೂ ಆಗಲಿಲ್ಲ. ಬೀದರಿನಿಂದ ಮೋಟಾರು ಹಿಡಿದು ಔರಾದಿಗೆ ಹೋದೆ. ದೊಡ್ಡವ್ವ ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಗೊಂಡ್ಹೋಗಪ್ಪ. ಬಾಯಿ ಬಿಗಿಯಾಗಿ ಕಟ್ಟಬ್ಯಾಡ, ಅದಕ್ಕ ಉಸಿರಾಡ್ಲಿಕ್ಕೆ ಬೇಕು" ಎಂದು ಒಂದು ಗಡಗಿ ತುಂಬಿ ಕೊಟ್ಟಳು. ನಾನು ವಿದ್ಯಾವಂತ. ದಾರಿಯಲ್ಲಿ ಚೆಲ್ಲೀತೆಂದು ಬಟ್ಟೆಯ ಮೇಲೆ ಬಟ್ಟೆ ಸುತ್ತಿ, ಹುರಿ ಹಾಕಿ ಬಿಗಿದು ಕಟ್ಟಿದೆ.

ಮೋಟಾರಿನಲ್ಲಿ ಇಂಜಿನಿನ ಪಕ್ಕವೇ ಜಾಗ ಸಿಕ್ಕಿತು. ಇನ್ನೇನು ಹೊರಡಬೇಕು, ಬೂದುಬಣ್ಣದ ಕೋಟೊಂದು ಹತ್ತಿ ಬಂದು ನನ್ನ ಪಕ್ಕದಲ್ಲಿ ಕುಳಿತಿತು. ಕಚೇರಿಯಿಂದ ಔರಾದಿಗೆ ಬಂದು ಕೆಲಸ ಮುಗಿಸಿಕೊಂಡು ಹೊರಟಿದ್ದ ನಮ್ಮ ಸಾಹೇಬರು!

"ಹೊಟ್ಟೆನೋವು ಅಂತ ಹೇಳಿ ಕಳಿಸಿದ್ರಲ್ರೀ?"

"ಹೌದ್ರಿ ಸಾಹೇಬ್ರ. ಅದಕ್ಕೇ ಔಷಧ ತರ್ಲತೀನ್ರಿ."

"ಒಂದು ಗಡಿಗೆ ಔಷಧಾನಾ?"

ಉತ್ತರ ಹುಡುಕುತ್ತಿದ್ದೆ. ಕೆಳಗೆ ಇಂಜಿನಿನ ಕಾವು, ಮೇಲೆ ರಸ್ತೆಯ ಕುಲುಕಾಟ. ಸಂತಪುರ ದಾಟುವಾಗ ಮೋಟಾರು ಒಂದು ತಗ್ಗಿಗೆ ಬಿತ್ತು, ಗಡಗಿಯೇ ಎದ್ದು ಉತ್ತರ ಕೊಟ್ಟಿತು. ಡಬ್ ಎಂದು ಬಟ್ಟೆ ಹಾರಿ, ಬುರುಗು ಉಕ್ಕಿ, ಸಾಹೇಬರ ಕೋಟಿನ ಎಡಭಾಗವೆಲ್ಲ ಹುಳಿಯೋ ಹುಳಿ. ಹಿಂದಿನಿಂದ ಕಂಡಕ್ಟರು, "ಅರೆ ಭಾಯಿ, ಅಂಬ್ಲಿಗಿ ತಿಕೀಟ್ ತಗೊಂಡಿಯೇನು?" ಎಂದು ಕೂಗಿದ. ಮೋಟಾರೆಲ್ಲ ಗೊಳ್ಳೆಂದಿತು. ನೌಕರಿಯ ಆಸೆಯಿದ್ದವನು ಮೊದಲು ಕೋಟು ಒರೆಸಬೇಕಿತ್ತು. ನಾನು ಹೆಗಲ ಮೇಲಿನ ಟವೆಲು ತೆಗೆದು ಗಡಗಿಯ ಬಾಯಿ ಮುಚ್ಚಿ, ಉಳಿದದ್ದನ್ನು ಎದೆಗವುಚಿಕೊಂಡೆ. ಸಾಹೇಬರು ನನ್ನನ್ನೇ ದಿಟ್ಟಿಸಿ ನೋಡಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ನೀಲಮ್ಮ, ಬೂದಿ, ನಿಂಬೆಗಿಡ, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವರು ಬೆರಳಿಗಂಟಿದ್ದ ಹುಳಿಯನ್ನು ಮೂಸಿ ನೋಡಿ, "ನಮ್ಮನೆಯವಳು ಮೈಸೂರಿಂದ ಬರ್ತಾ ಅಷ್ಟು ದೂರ ರೈಲಲ್ಲಿ ಮೊಸರಿನ ಹೆಪ್ಪು ಹಿಡ್ಕೊಂಡೇ ಬಂದ್ಲು ಕಣ್ರೀ. ಟ್ರಂಕು ಕಳೆದ್ರೂ ಪರವಾಗಿಲ್ಲ, ಇದು ಚೆಲ್ಲಬಾರದು ಅಂತ" ಎಂದರು. ಆಮೇಲೆ ದನಿ ಇಳಿಸಿ, "ನನ್ನ ಹೊಟ್ಟೇನೂ ಈ ಊರಿಗೆ ಬಂದಾಗಿಂದ ಸರಿಯಿಲ್ಲ. ನಿಮ್ಮ ಔಷಧ ನನಗೂ ಒಂದು ಲೋಟ ಸಿಗತ್ತಾ?" ಎಂದು ಕೇಳಿದರು. ಎರಡು ಸೀಮೆಗಳು ಒಂದಾದದ್ದನ್ನು ಜನ ಕಾಗದದಲ್ಲಿ ಓದಿ ತಿಳಿದರು. ನನಗೆ ಅದು ಸಂತಪುರದ ಆಚೆಯ ಆ ತಗ್ಗಿನಲ್ಲಿ ಖಾತ್ರಿಯಾಯಿತು.

ಅವ್ವ ಊರಿಂದ ಬರುವಷ್ಟರಲ್ಲಿ ನೀಲಮ್ಮ ಉಳಿದ ಹುಳಿಯನ್ನು ನಮ್ಮ ಗಡಗಿಗೆ ಸುರಿದು, ಅದನ್ನು ಹಳೆಯ ಮೂಲೆಯಲ್ಲೇ ಇಟ್ಟು, ಹಿಟ್ಟು ಮಜ್ಜಿಗೆ ಬೆರೆಸಿ, ಹೊರಗೆ ಮಸಿಯನ್ನೂ ಸವರಿದ್ದಳು. ಎಳ್ಳಮಾಸಿಯ ದಿನ ಹೊಲದಲ್ಲಿ ಜೋಳದ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಊಟಕ್ಕೆ ಕುಳಿತೆವು. ಸಾಹೇಬರೂ ಬಂದಿದ್ದರು. ಅವ್ವ ಚರಿಗೆ ಎತ್ತಿ ಅಂಬಲಿಯ ಒಂದು ಗುಟುಕು ಕುಡಿದು ಚರಿಗೆಯೊಳಗೆ ಇಣುಕಿ ನೋಡಿದಳು. ನೀಲಮ್ಮ ಸೌಟು ಹಿಡಿದುಕೊಂಡು ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅವ್ವ ಇನ್ನೊಂದು ಗುಟುಕು ಕುಡಿದಳು.

"ಇದು ನಮ್ಮನಿ ಗಡಗಿದಲ್ಲ. ಔರಾದಿಂದು" ಎಂದಳು.

ನೀಲಮ್ಮ ಸೌಟು ಕೆಳಗಿಟ್ಟು, "ತಪ್ಪಾಯ್ತ್ರಿ ಅತ್ತಿ, ಗಡಗಿ ನಾನೇ ತೊಳ್ದೀನಿ" ಎಂದಳು. ಅವ್ವನ ಕಣ್ಣಲ್ಲಿ ನೀರಿತ್ತು. "ನಮ್ಮವ್ವನ ಕೈರುಚಿ ಅದವಾ ಇದು. ಭಾಲ್ಕಿ ನೀರು ಕುಡಿದು ಕುಡಿದು ನನ್ನ ಗಡಗಿದು ಯಾವತ್ತೋ ಬ್ಯಾರೆ ಆಗಿತ್ತು. ನನಗ ಅದು ಗೊತ್ತೇ ಆಗಿರಲಿಲ್ಲ ನೋಡು" ಎಂದು ಚರಿಗೆ ಖಾಲಿ ಮಾಡಿ ಸೊಸೆಯ ಮುಂದೆ ಹಿಡಿದಳು. "ಇನ್ನೊಂದೀಟು ಹಾಕು. ಇವತ್ತಿನಿಂದ ಗಡಗಿ ನಿಂದು. ಖರೆ, ತೊಳಿಯೋ ಶಾಣ್ಯಾತನ ಮಾಡಬ್ಯಾಡ."

ನೀಲಮ್ಮ ನಿರೀಕ್ಷಿಸಿದ ಪದ ಅಂತೂ ಹೀಗೆ ಬಂತು. ನನ್ನ ಹೊಟ್ಟೆ ಮರುದಿನ ಬೆಳಿಗ್ಗೆ ಬಾಗಿಲು ತೆರೆಯಿತು. ಸಾಹೇಬರ ಸಂಗತಿಯನ್ನು ನಾನು ವಿಚಾರಿಸಲಿಲ್ಲ. ಆದರೆ ಮುಂದೆ ಅವರು ವರ್ಗವಾಗಿ ಹೋಗುವಾಗ ಅವರ ಮನೆಯವರ ಕೈಯಲ್ಲಿ ಎರಡು ಕುಡಿಕೆಗಳಿದ್ದವು.

ದೊಡ್ಡವ್ವ ಹೋದಳು, ಅವ್ವ ಹೋದಳು. ಭಾಲ್ಕಿಯಿಂದ ನೌಬಾದಕ್ಕೆ ಬರುವಾಗ ಗಡಗಿ ಒಡೆಯಿತು. ನೀಲಮ್ಮ ಅಳಲಿಲ್ಲ, ಒಳಗಿನದನ್ನು ಸ್ಟೀಲ್ ಡಬ್ಬಿಗೆ ಸುರುವಿಕೊಂಡಳು. ಅದು ಇಂದಿಗೂ ಫ್ರಿಜ್ಜಿನಲ್ಲಿದೆ. ಹಲ್ಲು ಹೋದ ನೆಪ ಹೇಳಿ ಬ್ರೆಡ್ಡು ಬಿಸ್ಕೀಟಿಗೆ ಬಿದ್ದವನೂ, ಆ ಡಬ್ಬಿಯನ್ನು ನೋಡಿ ಮೂಗು ಮುರಿಯುತ್ತಿದ್ದವನೂ ನಾನೇ.

ಹಾಗಾಗಿ ಅಂದು ಡಾಕ್ಟರಮ್ಮನ ಗುಳಿಗೆಗಳನ್ನು ನೀಲಮ್ಮ ನೋಡದ ಹಾಗೆ ಫ್ರಿಜ್ಜಿನಲ್ಲಿಡಲು ಹೋದೆ. ಜಾಗ ಇದ್ದದ್ದು ಆ ಡಬ್ಬಿಯ ಪಕ್ಕದಲ್ಲೇ. "ಏನ್ರಿ ಅದು?" ಎಂಬ ದನಿ ಬೆನ್ನ ಹಿಂದೆಯೇ ಬಂತು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ನನ್ನ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಜೀವಗಳಿರುವುದನ್ನೂ, ಅವು ಉಪವಾಸ ಬಿದ್ದಿರುವುದನ್ನೂ ಹೇಳಿದೆ.

"ಹೊಟ್ಟಿ ಹೆಸರಿಗಷ್ಟೇ ನಿಮ್ದು ಬಿಡ್ರಿ" ಎಂದಳು ನೀಲಮ್ಮ. "ಒಳಗಿನ ಮಂದಿ ಎಲ್ಲಾ ನಮ್ಮತ್ತಿ ಕಡಿಯವ್ರು. ನೀವು ಬಿಸ್ಕೀಟ್ ತಿಂದು ಅವ್ರಿಗಿ ಉಪಾಸ ಕೆಡವೀರಿ." ಹೀಗೆಂದು ಡಬ್ಬಿ ತೆಗೆದು, ಅಂಬಲಿ ಮಾಡಿ ಆರಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ ಮುಂದಿಟ್ಟಳು.

ಗುಳಿಗೆಯನ್ನು ಯಾವುದರ ಜೊತೆ ನುಂಗಬೇಕೆಂದು ಡಾಕ್ಟರಮ್ಮ ಹೇಳಿರಲಿಲ್ಲ. ನಾನು ಅಂಬಲಿಯ ಜೊತೆ ನುಂಗಿದೆ. ಈಗ ಹೊಟ್ಟೆ ಹಾದಿಗೆ ಬಂದಿದೆ. ಗುಣ ಯಾವುದರಿಂದ ಆಯಿತೆಂದು ಡಾಕ್ಟರಮ್ಮ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲು ಜೊತೆಗೆ ಬಂದಿದ್ದ ನೀಲಮ್ಮನ ಮುಖ ನೋಡಿದೆ.