ಟ್ರಯಲ್‌ಗೆಂದು ಒಯ್ದ ನನ್ನ ಕಾರು ಮತ್ತು ಅದರ ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ

ಶ್ರೀಮಾನ್ ವಾಲ್ತೆರ್ ಸ್ಕಿಯಾವೊನಿ ಅವರ ದಿವ್ಯ ಸನ್ನಿಧಾನಕ್ಕೆ,
(ಸಕಲ ಕಾರುಗಳ ಅಂತರಂಗ ಬಲ್ಲವರು, ಎಸೆಕಿಯೆಲ್ ಎಂಬ ಗ್ರಾಹಕರ ಅಕ್ಕನ ಗಂಡ, ಸದ್ಯಕ್ಕೆ ನೆಕೊಚೇಆದ ಸಮುದ್ರತೀರದಲ್ಲಿ ಎಲ್ಲೋ)

ಮಾನ್ಯರೇ,

ತಮಗೂ, ತಮ್ಮ ಪ್ಯಾಂಟಿನ ಜೇಬಿನಲ್ಲಿ ಸದಾ ವಾಸವಾಗಿರುವ ಆ ಅಯಸ್ಕಾಂತಕ್ಕೂ ಅನಂತ ನಮಸ್ಕಾರಗಳು. ಇಲ್ಲಿ ಮೋಂತೆ ಬಾಹೊ ಊರಿನಲ್ಲಿ ನಾನು ಕ್ಷೇಮವಾಗಿದ್ದೇನೆ. ಅಲ್ಲಿ ನನ್ನ ಕಾರಿನ ಕ್ಷೇಮಸಮಾಚಾರವನ್ನು, ಪುರುಸೊತ್ತಾದರೆ ಅದರೊಳಗಿರುವ ನನ್ನ ಹೆಂಡತಿ ಇರ್ಮಾಳ ಕ್ಷೇಮಸಮಾಚಾರವನ್ನೂ ತಿಳಿಸುವ ಕೃಪೆ ಮಾಡಬೇಕು. ಕಳೆದ ಶನಿವಾರ ಊಟವಾದ ಮೇಲೆ, ಧಾನ್ಯದ ಗೋದಾಮಿನವರೆಗೆ ಓಡಿಸಿ ನೋಡಿ ಬರುತ್ತೇವೆಂದು ತಾವು ಟ್ರಯಲ್‌ಗೆ ಒಯ್ದ ಕಾರು ಬುಧವಾರವಾದರೂ ಹಿಂದಿರುಗಿಲ್ಲ. ಗೋದಾಮು ನಮ್ಮ ಮನೆ ಬಾಗಿಲಲ್ಲಿ ನಿಂತರೇ ಕಾಣುತ್ತದೆ. ಅಷ್ಟು ದೂರ ಹೋಗಿಬರಲು ಇಷ್ಟು ದಿನ ತೆಗೆದುಕೊಳ್ಳುವುದು ತಮ್ಮಂಥ ಪರಿಣತರಿಗಲ್ಲದೆ ಬೇರೆಯವರಿಗೆ ಸಾಧ್ಯವಿಲ್ಲ.

ಈ ಕಾರನ್ನು ನಾನು ಮಾರಲು ಹೊರಟದ್ದು ಹಣದ ಹಪಾಹಪಿಯಿಂದಲ್ಲ ಎಂಬುದನ್ನು ಮೊದಲೇ ಸವಿನಯವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಸಮುದ್ರ ನೋಡಬೇಕೆಂಬ ಹುಚ್ಚು ಇರ್ಮಾಳಿಗೆ ಮದುವೆಯಾದಂದಿನಿಂದ ಇದೆ. ಅವಳ ತಂಗಿ ದೆಲಿಯಾ ಬೇರೆ ನೆಕೊಚೇಆದಲ್ಲೇ ಸಂಸಾರ ಹೂಡಿಕೊಂಡು, ಪ್ರತಿ ಕ್ರಿಸ್‌ಮಸ್ಸಿಗೂ ಅಲೆಗಳ ಚಿತ್ರವಿರುವ ಕಾರ್ಡು ಕಳಿಸಿ ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಾಳೆ. ಕಾರಿನಲ್ಲಿ ಹೋಗುವ ಮಾತೇ ಇರಲಿಲ್ಲ. ಉಪ್ಪುಗಾಳಿ ತಗುಲಿದ ತಗಡಿನ ಗತಿ ಏನಾಗುತ್ತದೆಂದು ತಮ್ಮಂಥವರಿಗೆ ನಾನು ಹೇಳಬೇಕೆ? ಹೀಗಾಗಿ ಈ ಸಲ ದೊಡ್ಡ ಮನಸ್ಸು ಮಾಡಿ, ಕಾರು ಮಾರಿಬಿಡೋಣ, ಬಂದ ಹಣದಲ್ಲಿ ಇಬ್ಬರೂ ಬಸ್ಸಿನಲ್ಲಿ ಹೋಗಿ ಸಮುದ್ರ ನೋಡಿಕೊಂಡು ಬರೋಣ ಎಂದೆ. ಇರ್ಮಾ ನನ್ನ ಮುಖವನ್ನೇ ತುಂಬ ಹೊತ್ತು ನೋಡಿದಳು. ಅದು ಕೃತಜ್ಞತೆ ಎಂದು ನಾನು ತಿಳಿದುಕೊಂಡೆ.

ಎಂಥ ಕಾರು ಸ್ವಾಮೀ ಅದು! ಮಗಳು ನೋರಾ ಹೊಟ್ಟೆಯಲ್ಲಿದ್ದಾಗ ಕೊಂಡದ್ದು, ಈಗ ನೋರಾಳ ಮಗ ಶಾಲೆಗೆ ಹೋಗುತ್ತಾನೆ, ಆದರೂ ಕಾರ್ಖಾನೆಯವರು ಸೀಟಿಗೆ ಹೊದಿಸಿದ ಪ್ಲಾಸ್ಟಿಕ್ಕು ಹಾಗೇ ಇದೆ. ಕಾಲಿಡುವ ಜಾಗಕ್ಕೆ ವಾರವಾರವೂ ಪತ್ರಿಕೆ ಹಾಸುತ್ತೇನೆ. ಒಳಗೆ ಕೂತು ಮಾಟೆ ಕಷಾಯ ಹೀರುವುದಂತಿರಲಿ, ಬಿಸಿನೀರಿನ ಫ್ಲಾಸ್ಕು ಕೈಯಲ್ಲಿ ಹಿಡಿದವರು ಅದರ ಬಾಗಿಲು ಮುಟ್ಟಿಲ್ಲ. ಧೂಳು ಬರುತ್ತದೆಂದು ಕಿಟಕಿ ಇಳಿಸಿಲ್ಲ, ಕೆಸರು ಹಾರುತ್ತದೆಂದು ಮೋಡ ಕವಿದ ದಿನ ಹೊರಗೆ ತೆಗೆದಿಲ್ಲ. ಭಾನುವಾರ ಸಂಜೆ ಮಾತ್ರ, ಊರವರೆಲ್ಲ ಮಾಡುವ ಹಾಗೆ, ಚೌಕವನ್ನು ನಿಧಾನವಾಗಿ ಸುತ್ತಿ, ನೋಡಬೇಕಾದವರೆಲ್ಲ ನೋಡಿಯಾದ ಮೇಲೆ ಮನೆಗೆ ತಂದು ಕಂಬಳಿ ಹೊದಿಸುತ್ತೇನೆ. ಇಂಥ ಕಾರಿನ ನೆತ್ತಿಯ ಮೇಲೆ ನೀರು ತುಂಬಿದ ಬಾಟಲಿಯನ್ನು ನಾನೇ ಕೈಯಾರೆ ನಿಲ್ಲಿಸಿದೆ. ಬಣ್ಣಕ್ಕೆ ಗೀರು ಬೀಳದಿರಲೆಂದು ಅದರಡಿಗೆ ಮಡಿಸಿದ ಫ್ಲಾನೆಲ್ ಬಟ್ಟೆ ಇಟ್ಟೆ. ಬಾಟಲಿ ಇಟ್ಟ ಮೇಲೆ ಮಾರಾಟಕ್ಕಿದೆ ಎಂದು ಬೇರೆ ಬೋರ್ಡು ಹಾಕುವ ಅಗತ್ಯ ನಮ್ಮ ಕಡೆ ಇಲ್ಲವಲ್ಲ.

ಬಾಟಲಿ ಕಂಡದ್ದೇ ತಡ, ಬಂದರಪ್ಪಾ ಘನವಂತರು! ಒಬ್ಬ ಮಹಾಶಯರು ಬಂದವರೇ ಟೈರಿಗೆ ಒದ್ದರು. ಇನ್ನೊಬ್ಬರು ಕಾರಿನ ಬದಲಿಗೆ ಒಂದು ಹೆಣ್ಣು ಕುದುರೆ ಮತ್ತು ಮರ ಕೊಯ್ಯುವ ಯಂತ್ರ ಕೊಡುತ್ತೇನೆಂದು ಹೇಳಿ, ನಾನು ಬಾಯಿ ತೆರೆಯುವ ಮೊದಲೇ, "ಕುದುರೆಗೆ ಪೆಟ್ರೋಲು ಬೇಡ ಯಜಮಾನ್ರೆ, ಯೋಚ್ನೆ ಮಾಡಿ," ಎಂದು ಉಪದೇಶ ಕೊಟ್ಟರು. ಇವರ ನಡುವೆ ಸಭ್ಯಸ್ಥನಂತೆ ಕಂಡವನು ತಮ್ಮ ಬಾಮೈದ ಎಸೆಕಿಯೆಲ್ ಒಬ್ಬನೇ. ಬಾನೆಟ್ಟಿನಲ್ಲಿ ತನ್ನ ಮುಖ ನೋಡಿಕೊಂಡು ತಲೆ ಬಾಚಿದ, ಅಷ್ಟು ಹೊಳಪಿತ್ತು. ಆಮೇಲೆ ಆಡಬಾರದ ಮಾತು ಆಡಿದ. "ಕಾರೇನೋ ಚೆನ್ನಾಗಿದೆ ದೋನ್ ಅನ್ಸೆಲ್ಮೊ, ಒಂದ್ಸಲ ನಮ್ ಭಾವ ನೋಡ್ಬಿಡ್ಲಿ. ಅವ್ರಿಗೆ ಕಾರು ಅಂದ್ರೆ ನೀರು ಕುಡಿದಷ್ಟು ಸಲೀಸು." ಈ ದೇಶದಲ್ಲಿ ಕಾರು ಮೆಚ್ಚುವವನು ಒಬ್ಬ, ಅದನ್ನು ಜರಿಯಲು ಬರುವ ಭಾವ ಇನ್ನೊಬ್ಬ ಎಂಬುದು ನನಗೆ ಗೊತ್ತಿರಬೇಕಿತ್ತು.

ತಾವು ಬಾಮೈದನ ಸಮೇತ ದಯಮಾಡಿಸಿದ ವೈಭವವನ್ನು ಹೇಗೆ ಬಣ್ಣಿಸಲಿ! ನೆಗ್ಗಿದ ತಗಡನ್ನು ಪುಟ್ಟಿ ಮೆತ್ತಿ ಮುಚ್ಚಿದ್ದಾರೆಯೇ ಎಂದು ಅಯಸ್ಕಾಂತವನ್ನು ಬಾಗಿಲಿಗೆ ಅಂಟಿಸಿದಿರಿ, ಅಂಟಿತು. ಬಾನೆಟ್ಟಿಗೆ ಅಂಟಿಸಿದಿರಿ, ಅಂಟಿತು. ಅಷ್ಟಕ್ಕೂ ಸಮಾಧಾನವಾಗದೆ ಅದನ್ನು ನಮ್ಮ ಗೇಟಿಗೂ ಅಂಟಿಸಿ ನೋಡಿದಿರಿ. ಎಂಜಿನ್ ಎಣ್ಣೆಯನ್ನು ಬೆರಳಲ್ಲಿ ತೀಡಿ, ಮೂಸಿ, ಬೆರಳನ್ನು ನನ್ನ ಫ್ಲಾನೆಲ್ಲಿಗೆ ಒರೆಸಿದಿರಿ. ಕಾರಿನ ಅಡಿಗೆ ನುಸುಳಿ ಬಹಳ ಹೊತ್ತು ಅಲ್ಲಾಡದೆ ಮಲಗಿದ್ದಿರಿ. ಗೊರಕೆ ಕೇಳಿಸಿತೆಂದು ನೆರೆಯವರು ಹೇಳುತ್ತಾರೆ. ಅದು ಧ್ಯಾನವೆಂದೇ ನನ್ನ ನಂಬಿಕೆ. ಕೊನೆಗೆ ಮೀಟರ್ ನೋಡಿ, ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ ನೆರೆಹೊರೆಯವರಿಗೆಲ್ಲ ಕೇಳುವ ಹಾಗೆ ತೀರ್ಪು ಕೊಟ್ಟಿರಿ. "ಬೇಜಾರ್ ಮಾಡ್ಕೋಬೇಡಿ ಯಜಮಾನ್ರೆ, ಮೀಟರ್ ಹಿಂದಕ್ಕೆ ತಿರುಗ್ಸಿದೀರ. ಹೆಂಡ್ತಿ ಮಗಳು ಇರೋ ಮನುಷ್ಯ ಇಷ್ಟು ವರ್ಷದಲ್ಲಿ ಬರೀ ಹನ್ನೊಂದು ಸಾವಿರ ಕಿಲೋಮೀಟರ್ ಓಡ್ಸಿದಾನೆ ಅಂದ್ರೆ ಯಾವನು ನಂಬ್ತಾನೆ? ಸಂಸಾರಸ್ಥರು ಇಷ್ಟೇ ಓಡ್ಸಕ್ಕೆ ಆಗೋದೇ ಇಲ್ಲ!"

ನನ್ನನ್ನು ಜುಗ್ಗ ಎಂದವರಿದ್ದಾರೆ, ಅದು ಹೊಗಳಿಕೆ. ಮೋಸಗಾರ ಎಂದವರು ಈವರೆಗೆ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಸಾಕ್ಷಿಗೆ ಇರ್ಮಾಳನ್ನು ಕೂಗಿದೆ. ಶಾವಿಗೆಗೆಂದು ಹಿಟ್ಟು ನಾದುತ್ತಿದ್ದವಳು ಕೈ ತೊಳೆಯದೇ ಬಂದಳು. "ಇರ್ಮಾ, ಈ ಕಾರು ಎಲ್ಲೆಲ್ಲಿ ಹೋಗಿದೆ ಅಂತ ಇವ್ರಿಗೆ ಹೇಳು," ಎಂದೆ.

"ಎಲ್ಲೆಲ್ಲಿ ಹೋಗಿಲ್ಲ ಅಂತ ಹೇಳ್ಲಾ?" ಎಂದಳು ಇರ್ಮಾ. ತಮಗೆ ನೆನಪಿರಬಹುದು, ನನಗಂತೂ ಮರೆಯುತ್ತಿಲ್ಲ. "ನೋರಾ ಹುಟ್ಟೋ ದಿನ ನೋವು ಶುರುವಾಗಿ ನೀರು ಹೋಗ್ತಿತ್ತು. ಸೀಟು ಹಾಳಾಗುತ್ತೆ ಅಂತ ಈ ಮುದುಕ ನನ್ನ ಬೇಕರಿ ವ್ಯಾನಲ್ಲಿ ಕಳ್ಸಿದ. ಬ್ರೆಡ್ಡಿನ ಬುಟ್ಟಿ ಹಿಡ್ಕೊಂಡು ಆಸ್ಪತ್ರೆಗೆ ಹೋದೆ. ನಮ್ಮಮ್ಮ ತೀರ್ಕೊಂಡಾಗ ಮಣ್ಣು ರಸ್ತೆ, ಕಲ್ಲು ಸಿಡಿಯುತ್ತೆ ಅಂದ. ಬಸ್ಸು ಹಿಡಿದು ಹೋದೆ, ನಾನು ಮುಟ್ಟೋ ಹೊತ್ತಿಗೆ ಹೂತುಬಿಟ್ಟಿದ್ರು. ನೋರಾ ಮದುವೆಗೆ ಇದೇ ಕಾರಿಗೆ ಹೂ ಕಟ್ಟಿದ್ವಿ. ಲಂಗದ ಪಿನ್ನು ಪ್ಲಾಸ್ಟಿಕ್ ಹರಿಯುತ್ತೆ ಅಂತ ಮಗು ಚರ್ಚಿಗೆ ನಡ್ಕೊಂಡ್ ಬಂತು, ಹಿಂದುಗಡೆ ಖಾಲಿ ಕಾರು ಬಂತು. ಸಮುದ್ರ ಅರ್ಧ ದಿನದ ದಾರಿ. ನಾನಿನ್ನೂ ನೋಡಿಲ್ಲ. ಹನ್ನೊಂದು ಸಾವಿರ ಅಂತೆ! ಅಷ್ಟೂ ಆ ಚೌಕ ಸುತ್ತಿದ್ದಪ್ಪಾ ವಾಲ್ತೆರ್. ಮೀಟರ್ ಸುಳ್ಳು ಹೇಳ್ತಿಲ್ಲ. ಒಂದೊಂದು ಕಿಲೋಮೀಟರೂ ನಿಜ."

ತಾವು ಟೋಪಿ ತೆಗೆದು, "ತಪ್ಪಾಯ್ತು ಯಜಮಾನ್ರೆ, ಮೀಟರ್ ನಿಜ," ಎಂದಿರಿ. ನನ್ನ ಪ್ರಾಮಾಣಿಕತೆ ಹತ್ತು ಜನರ ಮುಂದೆ ಸಾಬೀತಾಯಿತು. ಆದರೂ ಯಾರೊಬ್ಬರೂ ನನ್ನ ಕೈ ಕುಲುಕಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಇಷ್ಟಾದ ಮೇಲೂ ತಮ್ಮಿಬ್ಬರನ್ನೇ ನಂಬಿ ಕಾರು ಕೊಡಲು ನಾನೇನು ಪೆದ್ದನೇ? ಕಾವಲಿಗೆಂದು ಇರ್ಮಾಳನ್ನು ಹಿಂದಿನ ಸೀಟಿನಲ್ಲಿ, ಟವೆಲ್ ಹಾಸಿ, ನಾನೇ ಕೂರಿಸಿದೆ. ಅವಳು ಏಪ್ರನ್ ಬಿಚ್ಚಿ ಗೇಟಿಗೆ ಹಾಕಿ, ಹತ್ತುವ ಮೊದಲು ಕಾರಿನ ಮೇಲಿದ್ದ ಬಾಟಲಿಯನ್ನು ತೆಗೆದು ನನ್ನ ಟೋಪಿಯ ಮೇಲೆ ನಿಲ್ಲಿಸಿ, "ಇದನ್ನ ಇನ್ಮೇಲೆ ನೀನಿಟ್ಕೋ ಮುದುಕಾ," ಎಂದಳು. ದಾರಿಯಲ್ಲಿ ಬಿದ್ದು ಒಡೆಯದಿರಲೆಂಬ ಕಾಳಜಿ ಎಂದುಕೊಂಡು ನಾನು ಅದನ್ನು ಹಿಡಿದುಕೊಂಡೇ ನಿಂತಿದ್ದೆ. ರೈಲು ಗೇಟಿನ ಬಳಿ ಗೋದಾಮಿಗೆ ಎಡಕ್ಕೆ ತಿರುಗಬೇಕಾದ ಕಾರು ಹೆದ್ದಾರಿಯ ಕಡೆಗೆ, ಬಲಕ್ಕೆ ತಿರುಗಿತು. ಹಿಂದಿನ ಕಿಟಕಿಯ ಗಾಜು ಕೆಳಗಿಳಿಯುವುದು ಇಲ್ಲಿಗೇ ಕಂಡಿತು.

ಸೋಮವಾರ ಇರ್ಮಾಳ ಫೋನು ಬಂತು. ಮನೆಗಲ್ಲ, ಬೇಕರಿಗೆ; ಎಂದರೆ ಊರಿಗೆಲ್ಲ ಡಂಗುರ. ಬೇಕರಿಯ ರೋಮಿಲ್ದಾ ಬ್ರೆಡ್ಡು ಕೊಳ್ಳಲು ಬಂದವರಿಗೆಲ್ಲ ಅದನ್ನು ಅಭಿನಯಿಸಿ ತೋರಿಸುತ್ತಿದ್ದಾಳೆ. "ದೆಲಿಯಾ ಮನೇಲಿದೀವಿ. ಬಲಕ್ಕೆ ತಿರುಗ್ಸು ಅಂದಿದ್ದು ನಾನೇ. ಹುಡುಗ್ರಿಬ್ರೂ ಪಾಪ ಒಳ್ಳೆಯವರು, ಹೊಟ್ಟೆಬಾಕರು ಅಷ್ಟೇ. ಸಮುದ್ರ ಎಷ್ಟು ದೊಡ್ದಿದೆ ಕಣೇ ರೋಮಿಲ್ದಾ! ಆ ಮುದುಕನಿಗೆ ಹೇಳು, ಬರೋದಾದ್ರೆ ಬಸ್ಸಲ್ಲಿ ಬರ್ಲಿ. ಈ ಸಲ ಅವನ ಸರದಿ." ಸ್ವಂತ ಕಾರಿರುವ ನಾನು ಬಸ್ಸಿನಲ್ಲಿ! ಇದು ತಮ್ಮ ಸಹವಾಸದ ಫಲವೆಂದು ಬೇರೆ ಹೇಳಬೇಕಾಗಿಲ್ಲ.

ಊರಿಗೆಲ್ಲ ಗೊತ್ತಾದ ಮೇಲೆ ಮುಚ್ಚುಮರೆ ಏತಕ್ಕೆ? ಈ ಪತ್ರವನ್ನು ಬೇಕರಿಯ ಗಾಜಿಗೇ ಅಂಟಿಸುತ್ತಿದ್ದೇನೆ. ರೋಮಿಲ್ದಾ ಇದನ್ನು ದೆಲಿಯಾಳ ಮನೆಗೆ ಫೋನು ಮಾಡಿ ತಮಗೆ ಓದಿ ಹೇಳುತ್ತಾಳೆ. ಕೆಲವು ಸಣ್ಣಪುಟ್ಟ ಪ್ರಾರ್ಥನೆಗಳಿವೆ. ತಮ್ಮ ಶಾಸ್ತ್ರದ ಪ್ರಕಾರ ಮೀಟರ್ ಹಿಂದಕ್ಕೂ ತಿರುಗುವುದರಿಂದ, ವಾಪಸು ಬರುವಾಗ ಅಷ್ಟೂ ದೂರವನ್ನು ರಿವರ್ಸ್ ಗೇರಿನಲ್ಲೇ ಬರಬೇಕು. ಸಮುದ್ರದ ಗಾಳಿಗೆ, ಕಾರು ನಿಂತ ಬೀದಿಯನ್ನು ಬಿಟ್ಟು ಬೇರೆ ಬೀದಿಯಲ್ಲಿ ಬೀಸುವಂತೆ ತಮ್ಮ ಪ್ರಭಾವ ಬಳಸಿ ಹೇಳಬೇಕು. ಒಳಗೆ ಬಿದ್ದ ಮರಳನ್ನು ಅದರದರ ಜಾಗಕ್ಕೆ ಮರಳಿಸಬೇಕು. ಮತ್ತು ಇರ್ಮಾಳಿಗೆ ಸಮುದ್ರವನ್ನು ಸ್ವಲ್ಪಸ್ವಲ್ಪವಾಗಿ ತೋರಿಸಬೇಕು. ಒಮ್ಮೆಗೇ ಎಲ್ಲ ನೋಡಿ ಮುಗಿಸಿಬಿಟ್ಟರೆ ಆಮೇಲೆ ನಾನು ತೋರಿಸಲು ಏನು ಉಳಿಯುತ್ತದೆ?

ಗ್ಯಾರೇಜು ಬಿಕೋ ಎನ್ನುತ್ತಿದೆ ಎಂದು ಬರೆಯಲು ಹೊರಟಿದ್ದೆ. ಸುಳ್ಳೇಕೆ, ಅಡುಗೆಮನೆ ಬಿಕೋ ಎನ್ನುತ್ತಿದೆ. ಅವಳು ನಾದಿಟ್ಟ ಹಿಟ್ಟು ಗಟ್ಟಿಯಾಗಿ ಕೂತಿದೆ, ಎಸೆಯಲು ಮನಸ್ಸು ಬರುತ್ತಿಲ್ಲ.

ತಮ್ಮ ಮೇಲೆ ಎಳ್ಳಷ್ಟೂ ವಿಶ್ವಾಸವಿಲ್ಲದಿದ್ದರೂ ಪದ್ಧತಿಯ ಪ್ರಕಾರ

ತಮ್ಮ ವಿಶ್ವಾಸಿ,
ಅನ್ಸೆಲ್ಮೊ ತರಾಬೊರೆಲ್ಲಿ

ಮರೆತಿದ್ದೆ: ಆ ಬಾಟಲಿಯನ್ನು ತಂದು, ನಾನು ಬೀದಿಯಲ್ಲಿ ಕುರ್ಚಿ ಹಾಕಿ ಕೂರುವ ಕಡೆ, ತಲೆಯ ಮೇಲಿನ ಕಿಟಕಿಕಟ್ಟೆಯಲ್ಲಿ ಇಟ್ಟಿದ್ದೆ. ನಿನ್ನೆ ಸಂಜೆ ದಾರಿ ಕಾಯುತ್ತ ಕೂತಿದ್ದಾಗ ರೋಮಿಲ್ದಾ ಸೈಕಲ್ ನಿಲ್ಲಿಸಿ, ಬಾಟಲಿಯನ್ನೂ ಅದರ ಕೆಳಗಿದ್ದ ನನ್ನನ್ನೂ ಮೇಲಿಂದ ಕೆಳಗೆ ನೋಡಿ, "ದೋನ್ ಅನ್ಸೆಲ್ಮೊ, ಇದು ಎಲ್ಲೀವರ್ಗೂ ಓಡಿದೆ?" ಎಂದು ಕೇಳಿದಳು. ಬೀದಿಯವರೆಲ್ಲ ಬಿದ್ದುಬಿದ್ದು ನಕ್ಕರು. "ಚೌಕದವರೆಗೆ," ಎಂದೆ. ಬಾಟಲಿಯ ನೀರನ್ನು ಇರ್ಮಾಳ ಹೂಕುಂಡಕ್ಕೆ ಸುರಿದಿದ್ದೇನೆ. ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಕಾರನ್ನು ನಿಲ್ದಾಣಕ್ಕೆ ತಂದು, ಬೀಗದ ಕೈಯನ್ನು ನನಗಲ್ಲ, ಇರ್ಮಾಳ ಕೈಗೆ ಕೊಡತಕ್ಕದ್ದು. ತಾವೂ ತಮ್ಮ ಬಾಮೈದನೂ ಅದೇ ಬಸ್ಸು ಹತ್ತಿ ಊರಿಗೆ ಮರಳಬಹುದು. ಒಳ್ಳೆಯ ಬಸ್ಸಂತೆ, ನಮ್ಮ ಮನೆಯವರು ಬಹಳ ವರ್ಷಗಳಿಂದ ಅದರಲ್ಲೇ ಓಡಾಡುತ್ತಿದ್ದಾರೆ.