ಬರ್ತೀನಿ ಅಂದವರು ಬಂದೇಬಿಟ್ಟರು

ನನ್ನ ಸೋದರಮಾವನ ಬಾಯಲ್ಲಿ ಒಂದು ಕ್ರಿಯಾಪದ ಕಡಿಮೆಯಿದೆ. ಹಲ್ಲುಗಳೆಲ್ಲ ಗಟ್ಟಿಯಾಗಿವೆ, ನಾಲಗೆ ಅಗತ್ಯಕ್ಕಿಂತ ಉದ್ದವೇ ಇದೆ, ಆದರೆ ‘ಹೋಗು’ ಎಂಬ ಪದ ಮಾತ್ರ ಅಲ್ಲಿ ಹುಟ್ಟಲೇ ಇಲ್ಲ. ಅವರು ಎಲ್ಲಿಗೂ ಹೋಗುವುದಿಲ್ಲ, ಬರುತ್ತಾರೆ. ಬ್ಯಾಂಕಿಗೆ ಹೊರಟರೂ ‘ಬರ್ತೀನಿ’, ಬಚ್ಚಲಿಗೆ ಹೊರಟರೂ ‘ಬರ್ತೀನಿ’.

ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು ಎಂಬ ನಿಯಮ ನಮ್ಮ ಕಡೆ ಯಾರ ಮನೆಯಲ್ಲಿಲ್ಲ ಹೇಳಿ? ಹುಬ್ಬಳ್ಳಿಯ ನಮ್ಮ ಮನೆಯಲ್ಲೂ ಇತ್ತು. ಆದರೆ ನಾವು ಅದನ್ನು ಕನ್ನಡಕ್ಕಷ್ಟೇ ಸೀಮಿತಗೊಳಿಸಿದ್ದೆವು. ಮಾವ ಅದನ್ನು ಸಮುದ್ರ ದಾಟಿಸಿ ನ್ಯೂಜಿಲೆಂಡಿಗೆ ತಂದು, ಪಾಪದ ಇಂಗ್ಲಿಷಿನ ಮೇಲೂ ಹೇರಿದ್ದಾರೆ.

ಆಕ್ಲೆಂಡಿನ ಏವನ್‌ಡೇಲಿನಲ್ಲಿ ಅವರದೊಂದು ಡೇರಿ ಇದೆ. ಡೇರಿ ಅಂದಕೂಡಲೇ ಎಮ್ಮೆ ಹುಡುಕಬೇಡಿ, ಇಲ್ಲಿ ಮೂಲೆಯ ಕಿರಾಣಿ ಅಂಗಡಿಗೆ ಹಾಗೆನ್ನುತ್ತಾರೆ. ಗಿರಾಕಿ ಹಾಲು ಕೊಂಡು, ಚಿಲ್ಲರೆ ಇಸಕೊಂಡು, ಬಾಗಿಲ ತನಕ ಹೋದಾಗ ಮಾವ ಹಿಂದಿನಿಂದ ಪ್ರೀತಿಯಿಂದ ‘ಓಕೆ, ಕಮ್’ ಅನ್ನುತ್ತಾರೆ. ಅವರ ಪ್ರಕಾರ ಅದು ‘ಹೋಗಿ ಬನ್ನಿ’. ಗಿರಾಕಿಯ ಪ್ರಕಾರ ಅದು ‘ಬಾ ಇಲ್ಲಿ’. ಆತ ವಾಪಸು ಬರುತ್ತಾನೆ. ಇಬ್ಬರೂ ಮುಖ ಮುಖ ನೋಡುತ್ತಾರೆ. ಬಂದದ್ದಕ್ಕೆ ಸುಮ್ಮನೆ ಒಂದು ಚಾಕಲೇಟು ಕೊಂಡುಹೋದವರೂ ಇದ್ದಾರೆ. ವ್ಯಾಪಾರದ ತಂತ್ರವೋ ಅಂದರೆ, ಅಷ್ಟು ಬುದ್ಧಿ ಅವರಿಗಿಲ್ಲ. ದಿನಾ ಬ್ರೆಡ್ಡಿಗೆ ಬರುವ ಸಮೋವಾ ದ್ವೀಪದ ಅಜ್ಜಿಯೊಬ್ಬರು ಮಾತ್ರ ತಿರುಗಿಯೂ ನೋಡದೆ, ‘ನಾಳೆ ಬರ್ತೀನಪ್ಪಾ, ಈಗ ಮನೆಗೆ ಬಿಡು’ ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡು ನಡೆದುಬಿಡುತ್ತಾರೆ.

ಒಮ್ಮೆ ಫೋನ್ ಕಂಪನಿಯ ಹುಡುಗಿಯ ಹತ್ತಿರ ಫೋನಿನಲ್ಲೇ ಬಿಲ್ಲಿನ ವಿಷಯ ವಿಚಾರಿಸಿ, ಕೊನೆಗೆ ‘ಓಕೆ ಮ್ಯಾಡಮ್, ಐ ವಿಲ್ ಕಮ್’ ಅಂದರು. ಆಕೆ ಗಾಬರಿಯಾಗಿ, ಬರುವುದು ಬೇಡ ಸರ್, ನಾವಿರೋದು ಬೇರೆ ಊರಲ್ಲಿ ಅಂದಳು. ಮಾವ ವಿವರಿಸಲು ಹೊರಟರು: ‘ನೋ ನೋ, ಐ ವಿಲ್ ಕಮ್ ಮೀನ್ಸ್, ಐ ಆಮ್...’ ಅಲ್ಲಿಗೆ ನಿಂತರು. ಮುಂದಿನ ಪದವೇ ಇವರ ಹತ್ತಿರ ಇಲ್ಲವಲ್ಲ! ಬೆವರು ಒರೆಸಿಕೊಂಡು ಫೋನ್ ಇಟ್ಟರು.

ಇಷ್ಟಕ್ಕೇ ಮುಗಿಯಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಮನೆಯಲ್ಲಿ ಮಾವ ಒಬ್ಬರೇ. ಬೆಳಿಗ್ಗೆ ಆ ಮನೆಯ ಬಾಗಿಲೆಳೆದುಕೊಳ್ಳುವಾಗಲೂ ಒಳಗೆ ಮುಖ ಹಾಕಿ ‘ಬರ್ತೀನಿ’ ಅನ್ನುತ್ತಾರೆ. ಯಾರಿಗೆ? ಕುರ್ಚಿಗೆ?

‘ಯಾರು ಬರ್ರಿ ಅಂತಾರ ಮಾಮಾ, ಫ್ರಿಜ್ಜೇನು?’ ಎಂದು ಒಮ್ಮೆ ಕೇಳಿದೆ.

‘ಗುರ್ ಅಂತೈತಿ. ಅದ ಬರ್ರಿ ಅಂದಂಗ’ ಅಂದರು.

ಈ ಮನುಷ್ಯನಿಂದ ನನಗಾದ ಅನ್ಯಾಯ ಕೇಳಿ. ನಾನು ಆಕ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. ವೆಲಿಂಗ್ಟನ್ನಿನಲ್ಲಿ ಎರಡು ದಿನದ ಸಮ್ಮೇಳನಕ್ಕೆ ನನ್ನನ್ನು ಆರಿಸಿದರು. ವಿಷಯ, ಆಸ್ಪತ್ರೆಯಲ್ಲಿ ಕೈ ತೊಳೆಯುವುದು. ನಗಬೇಡಿ, ಅದು ಗಂಭೀರ ವಿಷಯ. ಅದರಲ್ಲಿ ನನ್ನದೂ ಒಂದು ಚಿಕ್ಕ ಭಾಷಣವಿತ್ತು. ಆದರೆ ನಿಜ ಹೇಳುತ್ತೇನೆ, ನನ್ನ ಕಣ್ಣಿದ್ದದ್ದು ಸಾಬೂನಿನ ಮೇಲಲ್ಲ, ಹೋಟೆಲಿನ ಕೋಣೆಯ ಮೇಲೆ.

ನಾನು ಹುಟ್ಟಿದಾಗಿನಿಂದ ಒಂದು ದಿನವೂ ಒಬ್ಬಳೇ ಇದ್ದವಳಲ್ಲ. ಹುಬ್ಬಳ್ಳಿಯ ತುಂಬಿದ ಮನೆಯಲ್ಲಿ ನನಗೇ ಅಂತ ಇದ್ದದ್ದು ಒಂದು ಹಲ್ಲುಜ್ಜುವ ಬ್ರಷ್ಷು. ಅದನ್ನೂ ಅಕ್ಕ ಬಳಸುತ್ತಿದ್ದಳೆಂದು ನನಗೆ ಗುಮಾನಿ. ಆಮೇಲೆ ನರ್ಸಿಂಗ್ ಹಾಸ್ಟೆಲು. ಈಗ ಆಕ್ಲೆಂಡಿನ ಹೆಂಡರ್ಸನ್ನಿನಲ್ಲಿ ಫ್ಲ್ಯಾಟ್‌ಮೇಟ್‌ಗಳ ಜೊತೆ ಒಂದೇ ಬಚ್ಚಲು. ಮೈಗೆ ಸಾಬೂನು ಹಚ್ಚುವಷ್ಟರಲ್ಲಿ ಬಾಗಿಲು ಬಡಿಯುತ್ತಾರೆ. ಹೋಟೆಲಿನ ಚಿತ್ರದಲ್ಲಿ ಕಂಡದ್ದೇನು ಗೊತ್ತೇ? ಬಿಳಿಯ, ಉದ್ದನೆಯ, ಮಲಗಬಹುದಾದ ಬಾತ್‌ಟಬ್. ನಾನು ಕೂಡಲೇ ಯೋಜನೆ ಹಾಕಿದೆ. ಗುರುವಾರ, ಶುಕ್ರವಾರ ಸಮ್ಮೇಳನ. ಶನಿವಾರ, ಭಾನುವಾರ ನಾನು. ನಾನು, ಟಬ್ಬು, ಒಂದಿಷ್ಟು ಊರು ಸುತ್ತಾಟ, ಯಾರ ಜೊತೆಗೂ ಒಂದು ಮಾತಿಲ್ಲ.

ಇದನ್ನು ಮಾವನಿಗೆ ಹೇಳಿದ್ದೇ ತಪ್ಪಾಯಿತು. ಅವರು ಸಾಮಾನು ತರಲು ಹೊರಟಿದ್ದರು, ಅಂಗಡಿಯ ಗಲ್ಲಾದಲ್ಲಿ ನಾನು ಕೂತಿದ್ದೆ.

‘ಕೈ ತೊಳ್ಯಾಕ ವೆಲಿಂಗ್ಟನ್ ತನಕಾ ಯಾಕವಾ? ಇಲ್ಲಿ ನಳಾ ಬಂದ್ ಆಗ್ಯಾವೇನು?’

‘ಸಮ್ಮೇಳನ ಮಾಮಾ. ಮುಗದ ಮ್ಯಾಲೆ ಎರಡು ದಿನಾ ಅಲ್ಲೇ ಇದ್ದು ಊರು ನೋಡ್ತೀನಿ.’

‘ಚಲೋ ಆತು. ನಾನೂ ಆ ಊರು ನೋಡಿಲ್ಲ’ ಎಂದು ಜಾಕೀಟು ಹಾಕಿಕೊಂಡರು. ಗಾಡಿಯ ಕೀಲಿ ತೆಗೆದುಕೊಂಡರು. ಬಾಗಿಲಲ್ಲಿ ನಿಂತು, ‘ಆತು ಹಂಗಾರ, ನಾ ಬರ್ತೀನಿ’ ಅಂದರು.

‘ಹೂಂ, ಬರ್ರಿ’ ಅಂದೆ.

ನೀವೇ ಹೇಳಿ, ಜಾಕೀಟು ಹಾಕಿ, ಕೀಲಿ ಹಿಡಿದು, ಬಾಗಿಲಲ್ಲಿ ನಿಂತವನು ಬರ್ತೀನಿ ಅಂದರೆ ಏನರ್ಥ? ಹೋಗುತ್ತೇನೆ ಅಂತ. ಅದಕ್ಕೆ ಬರ್ರಿ ಅಂದರೆ ಏನರ್ಥ? ಹೋಗಿ ಅಂತ. ಜಗತ್ತಿನ ಎಲ್ಲ ಕನ್ನಡಿಗರಿಗೂ ಗೊತ್ತಿರುವ ಈ ಸಂಗತಿಯನ್ನು, ಅದನ್ನೇ ಕುಲಧರ್ಮ ಮಾಡಿಕೊಂಡ ನನ್ನ ಮಾವ, ಬದುಕಿನಲ್ಲಿ ಮೊದಲ ಸಲ ನೇರವಾಗಿ ಅರ್ಥಮಾಡಿಕೊಂಡರು!

ಮುಂದಿನ ವಾರ ಫೋನ್. ‘ನನಗ ವಿಮಾನದಾಗ ಕಿಡಕಿ ಹತ್ರದ ಸೀಟು ಕೊಟ್ಟಾರ. ನಿನ್ನ ಮಗ್ಗಲ್ದಾಗ.’

‘ಎಲ್ಲಿಗೆ ಮಾಮಾ?’

‘ಎಲ್ಲಿಗೇನು, ವೆಲಿಂಗ್ಟನ್ನಿಗೆ. ನೀನ ಕರದಿ ಅಲ್ಲ? ಬರ್ತೀನಿ ಅಂದೆ, ಬರ್ರಿ ಅಂದಿ.’

ನನ್ನ ಸಂಕಟ ಗಮನಿಸಿ. ಇದನ್ನು ತಿದ್ದಬೇಕಾದರೆ ನಾನು ಹೇಳಬೇಕಾದ ವಾಕ್ಯ: ‘ಮಾಮಾ, ನಾನಂದದ್ದು ಹೋಗ್ರಿ ಅಂತ.’ ಸೋದರಮಾವನಿಗೆ ಯಾವ ಸೋದರಸೊಸೆ ಹಾಗಂದಾಳು? ‘ಹೂಂ ಮಾಮಾ’ ಅಂದೆ. ಟಬ್ಬು ಕಣ್ಣೆದುರಿಂದ ತೇಲಿಕೊಂಡು ಹೋಯಿತು.

ವರ್ಷವಿಡೀ ಒಂದು ದಿನವೂ ಮುಚ್ಚದ ಅಂಗಡಿಗೆ ಬೀಗ ಬಿತ್ತು. ಬಾಗಿಲಿಗೆ ರಟ್ಟಿನ ಫಲಕ ಕಟ್ಟಿದರು. ಬೇರೆಯವರಾಗಿದ್ದರೆ ಊರಿಗೆ ಹೋಗಿದ್ದೇವೆ ಅಂತ ಬರೆಯುತ್ತಿದ್ದರು. ಇವರು ‘ಕಮಿಂಗ್’ ಎಂದಷ್ಟೇ ಬರೆದರು. ಬ್ರೆಡ್ಡಿನ ಅಜ್ಜಿ ಈಗ ಬಂದಾರು, ಆಗ ಬಂದಾರು ಅಂತ ಬಹಳ ಹೊತ್ತು ಅಲ್ಲೇ ನಿಂತಿದ್ದರಂತೆ.

ವೆಲಿಂಗ್ಟನ್ನಿನಲ್ಲಿ ಹೋಟೆಲ್ ಭರ್ತಿ. ಕೈ ತೊಳೆಯುವವರೆಲ್ಲ ಬಂದು ಇಳಿದಿದ್ದರು. ಮಾವನಿಗೆ ಬೇರೆ ಕೋಣೆ ಸಿಗಲಿಲ್ಲ. ‘ಮನಿ ಮಂದಿಗೆ ಎರಡು ಖೋಲಿ ಯಾಕ?’ ಎಂದು ಅವರೇ ಸಮಾಧಾನ ಮಾಡಿಕೊಂಡರು, ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಏಕಾಂತದ ನಡುಮಧ್ಯೆ ಒಂದು ಮಡಚುವ ಮಂಚ ಬಂತು. ಅದರ ಮೇಲೆ ಮಾವ, ಮಾವನ ಮೇಲೆ ಗೊರಕೆ.

ಹೋಗಲಿ, ಟಬ್ಬಾದರೂ ಇದೆಯಲ್ಲ ಎಂದು ಮರುದಿನ ಬೆಳಿಗ್ಗೆ ಟವೆಲ್ ಹೆಗಲಿಗೇರಿಸಿ ಒಳಗೆ ಕಾಲಿಟ್ಟೆ. ಟಬ್ಬು ಅಂಚಿನ ತನಕ ತುಂಬಿತ್ತು. ತಣ್ಣೀರು. ಮೇಲೊಂದು ಪ್ಲಾಸ್ಟಿಕ್ ತಂಬಿಗೆ ತೇಲುತ್ತಿತ್ತು, ಅದನ್ನೂ ಏವನ್‌ಡೇಲಿನಿಂದ ಹೊತ್ತು ತಂದಿದ್ದರು.

‘ಮಾಮಾ, ಇದೇನಿದು?’

‘ಹಿಡದಿಟ್ಟೀನಿ. ಪರ ಊರು, ನಳಾ ಹೋದ್ರ ಯಾರನ್ನ ಕೇಳ್ತಿ?’

ಹುಬ್ಬಳ್ಳಿಯಲ್ಲಿ ನಳ ವಾರಕ್ಕೊಮ್ಮೆ ಬರುತ್ತಿತ್ತು, ಒಪ್ಪುತ್ತೇನೆ. ಬಂದಾಗ ಕೊಡ, ಬಕೆಟ್ಟು, ಅನ್ನದ ಪಾತ್ರೆ, ಎಲ್ಲವನ್ನೂ ತುಂಬಿಡುತ್ತಿದ್ದೆವು. ಆದರೆ ಇದು ವೆಲಿಂಗ್ಟನ್! ಇಲ್ಲಿ ಗಾಳಿಗೆ ನೀರು ಆಕಾಶದಿಂದ ಅಡ್ಡಡ್ಡ ಬರುತ್ತದೆ, ನಳದ ಮಾತೆಲ್ಲಿ?

‘ನಾ ಅದರಾಗ ಜಳಕಾ ಮಾಡಬೇಕಿತ್ರಿ.’

‘ಕೂಡಿಟ್ಟ ನೀರಿನಾಗ ಕುಂದ್ರತಾರೇನು? ಎಂಥಾ ನರ್ಸವಾ ನೀ. ಕೈ ತೊಳ್ಯೂದ ಹೇಳ್ಕೊಡಾಕ ಬಂದೀ ಅಂತ.’

ಇದಕ್ಕೆ ಉತ್ತರವಿದ್ದರೆ ದಯವಿಟ್ಟು ನನಗೆ ತಿಳಿಸಿ.

ಸಮ್ಮೇಳನದ ಬಾಗಿಲ ತನಕ ನನ್ನನ್ನು ಬಿಡಲು ಬಂದರು. ಬಿಟ್ಟು ಹೊರಡುವಾಗ ಮೇಜಿನ ಹಿಂದಿದ್ದ ಹೆಂಗಸಿಗೆ ಮರ್ಯಾದೆಯಿಂದ, ‘ಓಕೆ, ಐ ವಿಲ್ ಕಮ್’ ಅಂದರು. ಆಕೆ, ‘ಲವ್ಲಿ’ ಎಂದು ಹೆಸರು ಕೇಳಿ, ಬರೆದು, ಕೊರಳಿಗೊಂದು ಬಿಲ್ಲೆ ಹಾಕಿದಳು. ಹೆಸರಿನ ಕೆಳಗೆ ಸಂಸ್ಥೆ: ‘ಏವನ್‌ಡೇಲ್ ಡೇರಿ’. ಎರಡು ದಿನವೂ ಮಾವ ಮುಂದಿನ ಸಾಲಿನಲ್ಲಿ ಕೂತರು, ಊಟಕ್ಕೂ ಮುಂದಿನ ಸಾಲಿನಲ್ಲೇ ನಿಂತರು. ನಾನು ಭಾಷಣ ಮುಗಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಒಬ್ಬರು ನಿಲ್ಲಿಸಲಿಲ್ಲ. ಅಧ್ಯಕ್ಷೆ ಮುಂದಿನ ಭಾಷಣಕಾರರ ಹೆಸರು ಹೇಳಿದ ಮೇಲೂ ಅವರ ಚಪ್ಪಾಳೆ ನಡೆದೇ ಇತ್ತು. ನೆಲ ಬಿರಿಯಬಾರದೇ ಅನ್ನಿಸಿತು. ವೆಲಿಂಗ್ಟನ್ ಭೂಕಂಪದ ಊರು, ಬಿರಿಯಬಹುದಿತ್ತು. ನನ್ನ ಸರದಿಗೆ ಬಿರಿಯಲಿಲ್ಲ.

ಶನಿವಾರ ನಾನು ವಸ್ತುಸಂಗ್ರಹಾಲಯಕ್ಕೆ ಹೊರಟೆ. ದಾರಿಯಲ್ಲಿ ಸಿಕ್ಕ ಪ್ರತಿ ಡೇರಿಗೂ ಮಾವ ನುಗ್ಗಿದರು. ಬ್ರೆಡ್ ಎಲ್ಲಿಟ್ಟಿದ್ದಾರೆ, ಐಸ್‌ಕ್ರೀಮ್ ಪೆಟ್ಟಿಗೆ ಯಾವ ಕಡೆ ಮುಖ ಮಾಡಿದೆ, ಎಲ್ಲ ತಪಾಸಣೆ. ಹೊರಡುವಾಗ ಪ್ರತಿ ಅಂಗಡಿಯವನಿಗೂ ‘ಐ ವಿಲ್ ಕಮ್’. ಮಧ್ಯಾಹ್ನವಾದರೂ ಸಂಗ್ರಹಾಲಯ ದೂರದಲ್ಲೇ ಇತ್ತು. ಸಮುದ್ರದ ದಂಡೆಯಲ್ಲಿ ನನ್ನನ್ನು ಕೂರಿಸಿ, ಬಿಸಿ ಚಿಪ್ಸ್ ತರಲು ಅವರು ಎದ್ದಾಗ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಪಕ್ಕದಲ್ಲೇ ಫೋನ್ ಬೂತ್ ಇತ್ತು. ಫೋನ್ ಕಾರ್ಡಿನ ನಂಬರು ಗೀಚಿ ತೆಗೆದು ಹುಬ್ಬಳ್ಳಿಗೆ ಫೋನ್ ಹಚ್ಚಿದೆ. ಅವ್ವ ಎತ್ತಿದಳು.

‘ಯವ್ವಾ, ನಿನ್ನ ತಮ್ಮ ನನ್ನ ಜೀವಾ ತಿಂದ. ಬಾಗಲ್ದಾಗ ನಿಂತು ಬರ್ತೀನಿ ಅಂದ್ರ ಹೋಗ್ತೀನಿ ಅಂತ ಅಲ್ಲೇನು? ನಾನೂ ಹೋಗ್ರಿ ಅಂತನ ಬರ್ರಿ ಅಂದಿದ್ದೆ. ಯಾರ ಕರದಿದ್ರು ಇವರನ್ನ? ಎರಡು ದಿನಾ, ಬರೇ ಎರಡು ದಿನಾ ಒಬ್ಬಾಕಿ ಇರಬೇಕಂತ...’

‘ಚಿಪ್ಸ್ ತಣ್ಣಗ ಆಗ್ತಾವ’ ಎಂದಿತು ಹಿಂದಿನಿಂದ ಒಂದು ದನಿ.

ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕಾಗದದ ಪೊಟ್ಟಣ ಎರಡೂ ಕೈಯಲ್ಲಿ ಹಿಡಿದಿದ್ದರು. ಕೂತು ತಿಂದೆವು. ಉಪ್ಪು ಜಾಸ್ತಿಯಾಗಿದೆ ಅಂದರು. ಆಮೇಲೆ ಯಾವ ಡೇರಿಗೂ ನುಗ್ಗಲಿಲ್ಲ. ನಾನು ಮಹಾ ಧೈರ್ಯವಂತೆ, ಸೀಗಲ್ ಹಕ್ಕಿಗಳನ್ನು ನೋಡುತ್ತ ಕೂತೆ.

ಭಾನುವಾರ ಬೆಳಿಗ್ಗೆ ಕಣ್ಣು ಬಿಟ್ಟಾಗ ಮಡಚುವ ಮಂಚ ಮಡಚಿತ್ತು. ಮಾವ ಜಾಕೀಟು ಹಾಕಿ, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ‘ಅಂಗಡಿ ಬಂದ್ ಐತಿ. ಹಗಲ ರೈಲಿಗೆ ಟಿಕೀಟ್ ತಗದೀನಿ. ನೀ ಆರಾಮ ಸಂಜೀ ವಿಮಾನಕ್ಕ ಬಾ. ರೊಟ್ಟಿ ಮೇಜಿನ ಮ್ಯಾಲಿಟ್ಟೀನಿ.’ ಗಂಟಲು ಸರಿಮಾಡಿಕೊಂಡರು. ‘ಆತವಾ. ನಾ ಹೋಗ್ತೀನಿ.’

ಬಾಗಿಲು ಮುಚ್ಚಿತು.

ಬಚ್ಚಲಿಗೆ ಹೋದೆ. ಟಬ್ಬು ಖಾಲಿ. ಖಾಲಿ ಮಾಡಿದ್ದಷ್ಟೇ ಅಲ್ಲ, ತಿಕ್ಕಿ ತೊಳೆದು ಒರೆಸಿದ್ದರು. ಅಂಚಿನ ಮೇಲೆ ನನ್ನ ಟವೆಲ್ಲು. ಸರಿ, ನಾನು ಬಯಸಿದ್ದು ಇದೇ ಅಲ್ಲವೇ? ಬಿಸಿನೀರು ಬಿಟ್ಟೆ. ತಲೆಗೆ ಟವೆಲ್ ಸುತ್ತಿಕೊಂಡೆ. ಅಂಚಿನ ಮೇಲೆ ಕೂತು ನೀರೇರುವುದನ್ನು ನೋಡಿದೆ. ಕಡೆಗೂ ಒಬ್ಬಳೇ. ಯಾರೂ ಬಾಗಿಲು ಬಡಿಯುತ್ತಿಲ್ಲ. ನೀರು ತುಂಬಿತು, ನಳ ನಿಲ್ಲಿಸಿದೆ. ಆಚೆ ಕೋಣೆಯಲ್ಲಿ ಪುಟ್ಟ ಫ್ರಿಜ್ಜು ಗುರ್ ಅಂದಿತು.

ಆಗ ಹೊಳೆಯಿತು ನನಗೆ, ಮಹಾ ಜಾಣೆಗೆ. ಫೋನ್ ಕಂಪನಿಯವಳ ಎದುರು ಬೆವರಿದರೂ ಬಾಯಿಗೆ ಬಾರದ ಆ ಪದವನ್ನು ಮಾವ ನನಗಾಗಿ ಹೆಕ್ಕಿ ತಂದು ಆಡಿದ್ದರು. ಅರ್ಥ ತಪ್ಪಾಗದಿರಲಿ ಅಂತ. ಅತ್ತೆ ಹೋದಾಗಿನಿಂದ ದಿನಾ ಬೆಳಿಗ್ಗೆ ಖಾಲಿ ಮನೆಗೆ ‘ಬರ್ತೀನಿ’ ಅನ್ನುವ ಮನುಷ್ಯನಿಗೆ ಎಷ್ಟೋ ಕಾಲದ ಮೇಲೆ ಮನುಷ್ಯರ ದನಿಯೊಂದು ‘ಬರ್ರಿ’ ಅಂದಿತ್ತು. ಅವರು ಅರ್ಥ ತಪ್ಪು ತಿಳಿಯಲಿಲ್ಲ. ಅರ್ಥ ಯಾವುದಾದರೇನು, ಕರೆದರಲ್ಲ ಎಂದು ಅಂಗಡಿ ಮುಚ್ಚಿ, ತಂಬಿಗೆ ಹಿಡಿದು ಬಂದುಬಿಟ್ಟರು.

ನಾನು ಓಡಿದೆ. ತಲೆಗೆ ಹೋಟೆಲಿನ ಟವೆಲ್ ಸುತ್ತಿರುವುದು ನೆನಪಾದದ್ದು ರೈಲು ನಿಲ್ದಾಣದಲ್ಲಿ, ಒಂದು ಮಗು ಕೈ ಮಾಡಿ ತೋರಿಸಿದಾಗ. ಮಾವ ಕಿಟಕಿಯ ಪಕ್ಕ ಕೂತಿದ್ದರು. ನನ್ನನ್ನು ಕಂಡು ಡಬ್ಬಿಯ ಬಾಗಿಲಿಗೆ ಬಂದರು.

‘ಏನಾತವಾ? ನಳಾ ಹೋತೇನು?’

‘ಮಾಮಾ, ಅದನ್ಯಾಕ ಅಂದ್ರಿ? ಹೋಗೂ ಮುಂದ ಏನನ್ನಬೇಕು ಅದನ್ನ ಅನ್ರಿ.’

ಅವರು ನನ್ನ ಟವೆಲ್ ನೋಡಿದರು, ಮುಖ ನೋಡಿದರು. ಮೆಲ್ಲಗೆ, ‘ಬರ್ತೀನಿ’ ಅಂದರು.

‘ಬರ್ರಿ.’

ಮಾವ ಅಲ್ಲೇ ನಿಂತರು. ಒಂದು ಕೈ ಬಾಗಿಲ ಸರಳಿನ ಮೇಲೆ. ‘ಇದು ಯಾವ ಬರ್ರಿ?’ ಎಂದು ಕೇಳಿದರು.

ಕೈ ಚಾಚಿ ಅವರ ಚೀಲ ಇಸಕೊಂಡೆ.

‘ಇಳೀರಿ ಮಾಮಾ. ಟಬ್ ತುಂಬಿಸಿಟ್ಟೀನಿ. ನಳಾ ಹೋದ್ರೂ ಚಿಂತಿಲ್ಲ.’