ಸರಾಸರಿಗೆ ಸರಿಯಾಗಿರುವ ಗಡಿಯಾರದವರಿಗೆ

ಮಾನ್ಯ ಗಡಿಯಾರ ಮಹಾಶಯರೇ,

ಧ್ವನಿಯನ್ನು ಅಂಕಿಗಳಾಗಿಸುವ ಯಂತ್ರದ ಹೊಟ್ಟೆಯಲ್ಲಿ, ಅಕ್ಕಿಕಾಳಿನಷ್ಟು ಜಾಗದಲ್ಲಿ ವಿರಾಜಮಾನರಾಗಿರುವ ತಮಗೆ, ಬಸ್ ಡಿಪೋದಲ್ಲಿ ಟೈಂಕೀಪರಾಗಿ ತಲೆ ನರೆಸಿಕೊಂಡ ಈ ಬಡಪಾಯಿಯ ಅನಂತ ನಮಸ್ಕಾರಗಳು. ಸಮಯಪಾಲನೆಯಲ್ಲಿ ನಾವಿಬ್ಬರೂ ಒಂದೇ ಕಸುಬಿನವರೆಂಬ ಸಲುಗೆಯಿಂದ ಬರೆಯುತ್ತಿದ್ದೇನೆ, ಮಾತು ಹೆಚ್ಚಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ತಮ್ಮ ಕೆಲಸ ದೊಡ್ಡದೆಂದು ಬಲ್ಲೆ. ಸೆಕೆಂಡಿಗೆ ನಲವತ್ತನಾಲ್ಕು ಸಾವಿರಕ್ಕೂ ಹೆಚ್ಚು ಸಲ, ಸಮಸಮ ಅಂತರದಲ್ಲಿ, ‘ಈಗ ಅಳೆ, ಈಗ ಅಳೆ’ ಎಂದು ಯಂತ್ರಕ್ಕೆ ಅಪ್ಪಣೆ ಕೊಡಬೇಕು. ಅದು ಹಾಡಿನ ಏರಿಳಿತವನ್ನು ಅಳೆದು ಬರೆದುಕೊಳ್ಳಬೇಕು. ತಾವೋ ದೊಡ್ಡಮನುಷ್ಯರು. ಮನಸ್ಸು ಬಂದರೆ ಒಂದು ಕೂದಲೆಳೆ ಮುಂಚೆ, ಬರದಿದ್ದರೆ ಒಂದು ಕೂದಲೆಳೆ ತಡ. ನನ್ನ ಅಕ್ಕ ಒಂದೇ ಉಸಿರಿಗೆ ಹಿಡಿದು ನಿಲ್ಲಿಸಿದ ಸ್ವರಗಳೆಲ್ಲ ಈಗ ಚಳಿಜ್ವರ ಬಂದವರ ದನಿಯಂತೆ ನಡುಗುತ್ತಿವೆ. ಅವಳು ಹಾಡದ ಅಲಂಕಾರವನ್ನು ಪುಕ್ಕಟೆ ದಯಪಾಲಿಸಿದ ತಮ್ಮ ಔದಾರ್ಯಕ್ಕೆ ಏನು ಹೇಳಲಿ!

ಅಕ್ಕ ಆ ಹಾಡನ್ನು ಹಾಡಿದ್ದು ಮಗಳು ಹುಟ್ಟುವ ಮೊದಲು. ಆಮೇಲೆ ಗಂಟಲಿನ ಆಪರೇಷನ್ ಆಗಿ ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಉಳಿದದ್ದು ಒಂದೇ ಒಂದು ಕ್ಯಾಸೆಟ್; ಅದರಲ್ಲಿದ್ದ ಹಾಡನ್ನು ಅಂಕಿಗಳಾಗಿಸಿ ಉಳಿಸಿಕೊಳ್ಳೋಣವೆಂದೇ ತಮ್ಮ ಯಂತ್ರವನ್ನು ಕೊಂಡು ತಂದೆವು. ಆ ಹಳೇ ಟೇಪು ತಮ್ಮೆದುರು ಒಂದು ಸಲ ಹಾಡಿ, ಹಿಂದಕ್ಕೆ ಸುತ್ತುವಾಗ ತುಂಡು ತುಂಡಾಯಿತು. ಕೇಳಿಸುವಾಗ ತಾವು ಎಡವಿದ್ದರೆ ಬೇರೆ ಯಂತ್ರದಲ್ಲಿ ಕೇಳಿಕೊಳ್ಳುತ್ತಿದ್ದೆವು. ಅಳೆಯುವಾಗಲೇ ಎಡವಿದ್ದರಿಂದ ನಡುಕ ಅಂಕಿಗಳೊಳಗೇ ಕೂತುಬಿಟ್ಟಿದೆ. ಈಗ ಎಷ್ಟು ದುಬಾರಿ ಯಂತ್ರ ತಂದರೂ ಅದು ಆ ನಡುಕವನ್ನೇ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ.

ತಮ್ಮನ್ನು ಮಾರಿದ ಕಂಪನಿಯ ಇಂಜಿನಿಯರರಂತೂ ಮಹಾಪಂಡಿತರು. ದೂರು ಕೊಟ್ಟರೆ, ಹಾಡು ಶುರುವಾದಾಗ ಕೈಗಡಿಯಾರ ನೋಡಿದರು, ಮುಗಿದಾಗ ನೋಡಿದರು, ‘ಒಟ್ಟು ಹೊತ್ತು ಸರಿಯಾಗಿದೆಯಲ್ರೀ, ಸರಾಸರಿ ಪಕ್ಕಾ ಇದೆ’ ಎಂದು ಕೈತೊಳೆದುಕೊಂಡರು. ಅಬ್ಬಾ ಜಾಣತನವೇ! ನಮ್ಮ ಡಿಪೋದಲ್ಲೂ ಅಂಥ ಡ್ರೈವರೊಬ್ಬನಿದ್ದಾನೆ. ಹೊರಡುವುದು ಸರಿಯಾಗಿ, ತಲುಪುವುದೂ ಸರಿಯಾಗಿ. ನಡುವೆ ಒಂದು ನಿಲ್ದಾಣಕ್ಕೆ ಮುಂಚೆಯೇ ನುಗ್ಗಿ ಜನರನ್ನು ಬಿಟ್ಟು ಬರುತ್ತಾನೆ, ಇನ್ನೊಂದಕ್ಕೆ ತಡವಾಗಿ ಹೋಗಿ ಉಗಿಸಿಕೊಳ್ಳುತ್ತಾನೆ. ಅವನ ಸರಾಸರಿಯೂ ಪಕ್ಕಾ. ಅವನಿಗೆ ನಾನು ಮೆಮೋ ಕೊಡುತ್ತೇನೆ; ತಮ್ಮ ಡಬ್ಬಿಯ ಮೇಲೆ ಕಂಪನಿ ‘ನಿಖರತೆಗೆ ಇನ್ನೊಂದು ಹೆಸರು’ ಎಂದು ಬಂಗಾರದ ಬಣ್ಣದಲ್ಲಿ ಬರೆಸಿದೆ. ನಾಚಿಕೆಯಾದರೂ ಬೇಡವೇ?

ಆದಕಾರಣ ಸಣ್ಣದೊಂದು ವಿನಂತಿ. ತಾವು ದಯಮಾಡಿ ಆ ದಿನಕ್ಕೆ ಹಿಂದಿರುಗಿ, ಟೇಪು ಹರಿಯುವ ಮೊದಲು, ಅಳತೆಯನ್ನೆಲ್ಲ ಮತ್ತೊಮ್ಮೆ ಮಾಡಿಕೊಡಬೇಕು. ಅದು ಕಷ್ಟವೆನಿಸಿದರೆ ನಮ್ಮ ಡಿಪೋಗೆ ಬಂದು ಆ ಡ್ರೈವರನ ಬಸ್ಸಿಗೆ ಕಂಡಕ್ಟರಾಗಿ ಸೇರಿಕೊಳ್ಳಿ. ಈಡುಜೋಡು ಚೆನ್ನಾಗಿರುತ್ತದೆ.

ವಿಶ್ವಾಸ ಉಳಿದಿರುವಷ್ಟರ ಮಟ್ಟಿಗೆ ತಮ್ಮ ವಿಶ್ವಾಸಿ,
ಹಾಡುಗಾರ್ತಿಯ ತಮ್ಮ

ತಾ.ಕ.: ನಿನ್ನೆ ಅಕ್ಕನ ಮಗಳು ಆ ಹಾಡನ್ನು ಮೊದಲ ಸಲ ಕೇಳಿದಳು. ಕೇಳಿ, ‘ಅಮ್ಮಾ, ಹಾಡುವಾಗ ನಿಂಗೆ ಅಷ್ಟೊಂದು ಹೆದರಿಕೆ ಆಗ್ತಿತ್ತಾ?’ ಅಂದಳು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಹುಡುಗಿ ನಂಬಲಿಲ್ಲ, ಸಮಾಧಾನ ಮಾಡಲು ಅಮ್ಮನ ಕೈ ಹಿಡಿದುಕೊಂಡಳು. ನನ್ನ ಅಕ್ಕ ಯಾವ ವೇದಿಕೆಗೂ ಹೆದರಿದವಳಲ್ಲ. ತಾವು ಒಮ್ಮೆ ಮನೆಗೆ ಬಂದು, ಆ ಮಗುವಿನ ಮುಖ ನೋಡಿ, ‘ನಡುಗಿದ್ದು ನಾನು, ನಿಮ್ಮಮ್ಮ ಅಲ್ಲ’ ಎಂದು ಹೇಳಿ ಹೋಗಿ. ಅಕ್ಕನಿಗೆ ಅದನ್ನು ಬಾಯಿಬಿಟ್ಟು ಹೇಳಲು ಆಗುವುದಿಲ್ಲ.